ಹುಣ್ಣಿಲ್ಲದ ಬಾಯಿ ಯಾಕೆ ಉರಿಯುತ್ತದೆ?

ನಾಲಿಗೆ ಉರಿ ಎಂದರೆ ಸಾಕು, ಮನೆಯಲ್ಲಿ ತೀರ್ಪು ಸಿದ್ಧ: "ಉಷ್ಣ ಆಗಿದೆ, ಮಜ್ಜಿಗೆ ಕುಡಿ." ಎರಡು ದಿನದ ಉರಿಗೆ ಅಷ್ಟು ಸಾಕಾದೀತು. ದಿನಕ್ಕೆ 2 ಗಂಟೆಗೂ ಹೆಚ್ಚು ಹೊತ್ತು, 3 ತಿಂಗಳಿಗೂ ಮೀರಿ ನಿತ್ಯ ಕಾಡುವ ಉರಿಯನ್ನು ಉಷ್ಣದ ಲೆಕ್ಕಕ್ಕೆ ಬರೆದು ಸುಮ್ಮನಾಗಬಾರದು.

ಅದಕ್ಕಿಂತ ನೋಯಿಸುವ ಮಾತು ಇನ್ನೊಂದಿದೆ: "ಹುಣ್ಣೇ ಇಲ್ಲ, ಎಲ್ಲ ನಿನ್ನ ಭ್ರಮೆ." ಈ ತೊಂದರೆ ಹೆಚ್ಚು ಕಾಣುವುದು ಮುಟ್ಟು ನಿಂತ ಹೆಂಗಸರಲ್ಲಿ, ಈ ಮಾತು ಕೇಳಬೇಕಾದವರೂ ಅವರೇ. ಕನ್ನಡಿಯಲ್ಲಿ ನಾಲಿಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಅದರ ತುದಿ, ಅಂಚು, ಬಾಯಿಯ ಅಂಗುಳ, ತುಟಿ ಬಿಸಿ ಕಾಫಿ ತಾಗಿ ಸುಟ್ಟ ಹಾಗೆ ಉರಿಯುತ್ತಿರುತ್ತವೆ. ಇಂಥವರ ನಾಲಿಗೆಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೇಲ್ಪದರದ ಸಣ್ಣ ನರತಂತುಗಳು ಕಡಿಮೆಯಾಗಿರುವುದು ಕಂಡುಬಂದಿದೆ. ಆತಂಕ, ನಿದ್ದೆಗೇಡು ಉರಿಯನ್ನು ಹೆಚ್ಚಿಸಬಹುದು ನಿಜ, ಹಾಗೆಂದು ಉರಿ ಸುಳ್ಳಲ್ಲ. ಹಲವರಿಗೆ ಬೆಳಗ್ಗೆ ಅಷ್ಟಾಗಿ ಇಲ್ಲದ ಉರಿ ಸಂಜೆಯ ಹೊತ್ತಿಗೆ ಏರುತ್ತದೆ, ಊಟ ಮಾಡುವಾಗ ತಗ್ಗುತ್ತದೆ. "ಊಟ ಸೇರುತ್ತದಲ್ಲ, ಇನ್ನೇನು ನೋವು?" ಎನ್ನುವವರು ಇದನ್ನು ತಿಳಿದಿರಬೇಕು.

ಬಿ-ಕಾಂಪ್ಲೆಕ್ಸ್ ನುಂಗಿದರೆ ಹೋಗುತ್ತದೆ ಎಂಬುದು ಅರ್ಧ ಸತ್ಯ. ಬಿ12, ಕಬ್ಬಿಣ, ಫೋಲೇಟ್ ಕೊರತೆಯಿಂದ ಬಾಯಿ ಉರಿಯುವುದುಂಟು. ಸಕ್ಕರೆ ಕಾಯಿಲೆ, ಥೈರಾಯ್ಡ್, ಬಾಯಿಯ ಶಿಲೀಂಧ್ರ ಸೋಂಕು, ಹೊಂದದ ಹಲ್ಲುಸೆಟ್ಟು, ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ ಉಂಟು. ಹಾಗಾಗಿ ಮೊದಲು ರಕ್ತಪರೀಕ್ಷೆ, ಬಾಯಿ ತಪಾಸಣೆ ಆಗಬೇಕು. ಇವೆಲ್ಲ ಸರಿಯಿದ್ದೂ ಉರಿ ಉಳಿದರೆ ಮಾತ್ರ ಅದು 'ಬರ್ನಿಂಗ್ ಮೌತ್ ಸಿಂಡ್ರೋಮ್'. ಇದನ್ನು ಒಂದೇ ಪರೀಕ್ಷೆಯಲ್ಲಿ ಹಿಡಿಯಲಾಗದು. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಿಗೆ ತಿರುಗುವುದೂ ಇಲ್ಲ. ಕ್ಲೋನಜೆಪಾಮ್ ಮಾತ್ರೆಯನ್ನು ಚೀಪಿ ಉಗುಳುವ ಚಿಕಿತ್ಸೆಯಿಂದ ಕೆಲವರಿಗೆ ಆರಾಮ ಸಿಗುತ್ತದೆ. ಅದು ಅಭ್ಯಾಸವಾಗಿಬಿಡಬಲ್ಲ ಔಷಧ, ವೈದ್ಯರ ಚೀಟಿಯಿಲ್ಲದೆ ಮುಟ್ಟಬಾರದು.

ಅಡಿಕೆ ಜಗಿಯುವವರ ಲೆಕ್ಕವೇ ಬೇರೆ. ತಂಬಾಕು ಸೇರದ ಬರೀ ಅಡಿಕೆಯಿಂದ ಏನೂ ಆಗದು ಎಂಬ ನಂಬಿಕೆ ಅಡಿಕೆ ಬೆಳೆಯುವ ನಮ್ಮ ನಾಡಿನಲ್ಲಿ ಗಟ್ಟಿಯಾಗಿದೆ. ಅದು ತಪ್ಪು. ಖಾರ ತಾಗಿದೊಡನೆ ಬಾಯಿ ಉರಿದು, ಕೆನ್ನೆಯ ಒಳಭಾಗ ಬಿಳಿಚಿ ಬಿಗಿಯಾಗುತ್ತ ಬಂದರೆ ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು. ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ ಅದು. ನಿಮ್ಮದೇ 3 ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಿ ನೋಡಿ. ಹಿಡಿಸದಿದ್ದರೆ ಅಡಿಕೆ ಅಂದೇ ಬಿಟ್ಟು, ಈ ವಾರವೇ ದಂತವೈದ್ಯರಿಗೆ ಬಾಯಿ ತೋರಿಸಿ.