ಮೋಡದೊಳಗೆ ದಾರಿ ತೋರುವ ಯಂತ್ರ

ಬೆಂಗಳೂರಿನ ಜಕ್ಕೂರಿನಿಂದ ಸಣ್ಣ ವಿಮಾನವೊಂದು ಮೈಸೂರಿಗೆ ಹೊರಟಿದೆಯೆಂದು ಭಾವಿಸೋಣ. ಆಕಾಶ ತಿಳಿಯಾಗಿದ್ದರೆ ಕೆಳಗಿನ ರೈಲುಮಾರ್ಗವೇ ಚಾಲಕನಿಗೆ ದಾರಿ ತೋರುತ್ತದೆ. ಮೊದಲು ಮದ್ದೂರು, ಬಳಿಕ ಮಂಡ್ಯ. ರೈಲುಮಾರ್ಗ ಮರೆಯಾಗಿ ಮಳವಳ್ಳಿ ಕಂಡಿತೆಂದರೆ, ತಾನು ದಕ್ಷಿಣಕ್ಕೆ ಸರಿದಿದ್ದೇನೆಂದು ಅವನು ಅರಿಯುತ್ತಾನೆ. ಆದರೆ ಮೋಡ ಮುಸುಕಿದರೆ? ಆಗ ಅವನ ಕಣ್ಣು ಅಂಗೈಯಗಲದ ಜಿ.ಪಿ.ಎಸ್. ಗ್ರಾಹಕದತ್ತ ಹೊರಳುತ್ತದೆ. ಅದನ್ನು ಎಷ್ಟರಮಟ್ಟಿಗೆ ನಂಬಬಹುದು?

ಈ ಗ್ರಾಹಕವು ವಾಸ್ತವವಾಗಿ ಅಳೆಯುವುದು ಕಾಲವನ್ನು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಿಂದ ರೇಡಿಯೋ ಅಲೆಗಳು ಬಂದು ಸೇರಲು ಹಿಡಿದ ಹೊತ್ತನ್ನು ಲೆಕ್ಕ ಹಾಕಿ, ಅದರಿಂದ ದೂರವನ್ನು ತಿಳಿಯುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳು ದೊರೆತರೆ ನೆಲೆ ನಿರ್ಧಾರವಾಗುತ್ತದೆ. ರೇಡಿಯೋ ಅಲೆಯ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಆದುದರಿಂದ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ ಬರುತ್ತದೆ! ಹಾಗಿದ್ದೂ ಬಯಲಿನಲ್ಲಿ ಸಾಧಾರಣ ಗ್ರಾಹಕವು ನಮ್ಮ ನೆಲೆಯನ್ನು ಐದು-ಹತ್ತು ಮೀಟರಿನೊಳಗೆ ಹೇಳಬಲ್ಲದು.

ಆದರೆ ಎತ್ತರದ ವಿಷಯ ಬೇರೆ. ಉಪಗ್ರಹಗಳೆಲ್ಲ ನಮ್ಮ ಮೇಲೆಯೇ ಇವೆ. ಕೆಳಗಿನಿಂದ ತಾಳೆ ನೋಡಲು ಒಂದೂ ಇಲ್ಲ. ಆದುದರಿಂದ ಎತ್ತರದ ತಪ್ಪು ಸಾಮಾನ್ಯವಾಗಿ ಹೆಚ್ಚು. ಇನ್ನೊಂದು ತೊಡಕೂ ಉಂಟು. ಗ್ರಾಹಕವು ಮೊದಲು ಎತ್ತರವನ್ನು ಎಣಿಸುವುದು ಭೂಮಿಯ ಆಕಾರಕ್ಕಾಗಿ ಗಣಿತಜ್ಞರು ಕಲ್ಪಿಸಿದ ನಯವಾದ ಮೇಲ್ಮೈಯಿಂದ. ದಕ್ಷಿಣ ಭಾರತದಲ್ಲಿ ಸಮುದ್ರಮಟ್ಟವು ಆ ಕಲ್ಪಿತ ಮೇಲ್ಮೈಗಿಂತ 80 ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರವಿರುವ ಮಂಡ್ಯವು ಈ ಲೆಕ್ಕದಲ್ಲಿ 600 ಮೀಟರಿಗೂ ಕಡಿಮೆಯಾಗುತ್ತದೆ. ಉತ್ತಮ ಗ್ರಾಹಕಗಳು ಈ ಅಂತರವನ್ನು ಸರಿಪಡಿಸಿಯೇ ತೋರಿಸುತ್ತವೆ. ಆದರೂ ಹಾರಾಟದಲ್ಲಿ ಚಾಲಕನು ಅನುಸರಿಸುವುದು ವಾಯುವಿನ ಒತ್ತಡದಿಂದ ನಡೆಯುವ ಎತ್ತರಮಾಪಕವನ್ನು. ವಿಮಾನಗಳೆಲ್ಲ ಒಂದೇ ಬಗೆಯ ಅಳತೆಗೆ ಬದ್ಧವಾಗಿದ್ದರೆ ಮಾತ್ರ ಒಂದಕ್ಕೊಂದು ಡಿಕ್ಕಿಯಾಗದಂತೆ ಮೇಲೆ ಕೆಳಗೆ ಅಂತರ ಉಳಿದೀತು.

ನಮ್ಮ ನಾಡಿಗೆ ಮತ್ತೊಂದು ವಿಶೇಷ ತೊಂದರೆಯುಂಟು. ವಾಯುಮಂಡಲದ ಮೇಲ್ಭಾಗದ ಅಯಾನುಗೋಳವು ರೇಡಿಯೋ ಅಲೆಗಳನ್ನು ತಡಮಾಡಿಸುತ್ತದೆ. ಭೂಕಾಂತದ ಸಮಭಾಜಕವು ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುವುದರಿಂದ ಇಲ್ಲಿ ಆ ಪದರದ ಏರಿಳಿತ ಹೆಚ್ಚು; ಸೂರ್ಯಾಸ್ತದ ಬಳಿಕ ಅಲೆಗಳು ಮಿನುಗಿ ಕ್ಷೀಣಿಸುವುದೂ ಉಂಟು.

ಇದಕ್ಕೆ ಪರಿಹಾರವಾಗಿ ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಗಳು ಕೂಡಿ ರೂಪಿಸಿದ ವ್ಯವಸ್ಥೆಯೇ ‘ಗಗನ್’. ತಮ್ಮ ನೆಲೆ ನಿಖರವಾಗಿ ಗೊತ್ತಿರುವ ಭೂಕೇಂದ್ರಗಳು ಉಪಗ್ರಹದ ಲೆಕ್ಕವನ್ನು ತಾಳೆ ನೋಡುತ್ತವೆ. ಬೆಂಗಳೂರಿನ ಮುಖ್ಯ ಕೇಂದ್ರ ತಪ್ಪನ್ನು ಗಣಿಸುತ್ತದೆ. ಆ ತಿದ್ದುಪಡಿಯು ಭೂಸ್ಥಿರ ಉಪಗ್ರಹದ ಮೂಲಕ ವಿಮಾನಕ್ಕೆ ತಲುಪುತ್ತದೆ. ಮುಖ್ಯವಾದುದೆಂದರೆ, ಉಪಗ್ರಹದ ಸುದ್ದಿ ನಂಬಲರ್ಹವಲ್ಲವಾದರೆ ಕೆಲವೇ ಸೆಕೆಂಡುಗಳಲ್ಲಿ ಎಚ್ಚರಿಕೆಯೂ ಬರುತ್ತದೆ. 2015ರಲ್ಲಿ ಇಳಿಯುವ ಹಾದಿಯ ಮಾರ್ಗದರ್ಶನಕ್ಕೂ ಇದು ಮಾನ್ಯತೆ ಪಡೆಯಿತು; 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋ ವಿಮಾನವೊಂದು ಇದರ ನೆರವಿನಿಂದ ಇಳಿಯಿತು.

ನಿಖರತೆ ಒಂದು ಗುಣ, ನಂಬಿಕೆಗೆ ಅರ್ಹವಾಗಿರುವುದು ಮತ್ತೊಂದು. ಅಂಗಡಿಯ ಗ್ರಾಹಕಕ್ಕೆ ಮೊದಲನೆಯದು ಬಹುಮಟ್ಟಿಗೆ ಇದೆ. ತಾನು ತಪ್ಪಿದಾಗ ತಪ್ಪಿದೆನೆಂದು ಹೇಳುವ ಭರವಸೆ ಅದಕ್ಕಿಲ್ಲ. ವಿಮಾನಕ್ಕೆಂದೇ ಪರೀಕ್ಷಿಸಿ ಅಂಗೀಕರಿಸಿದ ಯಂತ್ರಕ್ಕೆ ಬೆಲೆ ಹೆಚ್ಚಾಗಿರುವುದು ಇದಕ್ಕಾಗಿಯೇ. ಅದಿಲ್ಲದ ಚಾಲಕನು ಮೋಡವನ್ನು ಹೊಗದೆ, ಮದ್ದೂರು ಮಂಡ್ಯಗಳನ್ನು ಕಣ್ಣಾರೆ ಕಾಣುತ್ತ ಹಾರುವುದೇ ಕ್ಷೇಮ.