ವಿಹಾರ ನೌಕೆಗಳ ಕಿರಿಯ ಡೆಕ್ ಸಿಬ್ಬಂದಿ: ಸಲಕರಣೆಗಳ ಆರೈಕೆ ಮತ್ತು ಅಚ್ಚುಕಟ್ಟಿನ ಅಭ್ಯಾಸಗಳ ಬಗ್ಗೆ ಮಾಹಿತಿ

ಪೀಠಿಕೆ

ಯಾಟ್ ಎಂದು ಕರೆಯಲಾಗುವ ವಿಹಾರ ನೌಕೆಗಳಲ್ಲಿ ಕಿರಿಯ ಡೆಕ್ ಸಿಬ್ಬಂದಿಯಾಗಿ, ಅಂದರೆ ಡೆಕ್‌ಹ್ಯಾಂಡ್ ಆಗಿ ಸೇರಬಯಸುವ ಹಾಗೂ ಅದಕ್ಕೆ ಅಗತ್ಯವಾದ ನಾವಿಕ ದಾಖಲೆಗಳಿಗಾಗಿ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯ ಅನೇಕ ಯುವಕ ಯುವತಿಯರಿಗೆ ದೋಣಿ, ಹಗ್ಗ, ಲಂಗರು ಹೊಸತಲ್ಲ. ಆದಾಗ್ಯೂ ಬೇಸಿಗೆಯಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿಯೂ ಚಳಿಗಾಲದಲ್ಲಿ ಕೆರಿಬಿಯನ್ ದ್ವೀಪಗಳ ನಡುವೆಯೂ ಸಂಚರಿಸುವ ವಿಹಾರ ನೌಕೆಗಳಲ್ಲಿನ ಕೆಲಸದ ಕ್ರಮವು ಮೀನುಗಾರಿಕೆ ದೋಣಿಗಳ ಕ್ರಮಕ್ಕಿಂತ ಭಿನ್ನವಾಗಿರುತ್ತದೆ.

ಹೊಸದಾಗಿ ಸೇರಿದವರ ದಿನದ ಬಹುಪಾಲು ತೊಳೆಯುವುದು, ಒರೆಸುವುದು, ಹಗ್ಗ ಸುತ್ತುವುದು ಮತ್ತು ವಸ್ತುಗಳನ್ನು ಅವುಗಳ ಸ್ಥಳದಲ್ಲಿ ಇಡುವುದರಲ್ಲಿಯೇ ಕಳೆಯುತ್ತದೆ. ಇದು ಕೇವಲ ಮಾಲೀಕರ ಹಾಗೂ ಅತಿಥಿಗಳ ಕಣ್ಣಿಗಾಗಿ ಮಾಡುವ ಕೆಲಸವೆಂಬ ಭಾವನೆ ಹಲವರಲ್ಲಿದೆ. ಈ ಭಾವನೆ ಸರಿಯಲ್ಲ. ಡೆಕ್ಕಿನ ಪ್ರತಿಯೊಂದು ಭಾಗವನ್ನೂ ಪ್ರತಿದಿನ ಕೈಯಿಂದ ಮುಟ್ಟುವವರು ಕಿರಿಯ ಸಿಬ್ಬಂದಿಯೇ ಆಗಿರುವುದರಿಂದ, ಬಿರುಕು, ಸವೆತ, ಸಡಿಲತೆ ಮೊದಲು ತಿಳಿಯುವುದೂ ಅವರಿಗೇ. ತೊಳೆಯುವ ಕೆಲಸವೇ ನೌಕೆಯ ಮೊದಲ ತಪಾಸಣೆ ಎಂಬುದನ್ನು ಅಭ್ಯರ್ಥಿಗಳು ಮನಗಾಣಬೇಕು.

1. ಉಪ್ಪು ಮತ್ತು ಸಿಹಿನೀರು

ಸಮುದ್ರದ ನೀರು ಆರಿದ ನಂತರ ಉಳಿಯುವ ಉಪ್ಪಿನ ಹರಳುಗಳು ಗಾಳಿಯ ತೇವವನ್ನು ಹೀರಿಕೊಂಡು ಲೋಹವನ್ನು ಸದಾ ಒದ್ದೆಯಾಗಿರಿಸುತ್ತವೆ. ಬಟ್ಟೆ ಮತ್ತು ಹಗ್ಗದ ಎಳೆಗಳ ನಡುವೆ ಸೇರಿದಾಗ ಅವು ಮರಳಿನ ಕಾಗದದಂತೆ ಉಜ್ಜುತ್ತವೆ. ಆದ್ದರಿಂದ ಪ್ರತಿ ಪ್ರಯಾಣದ ನಂತರ ಸಾಧ್ಯವಾದಷ್ಟು ಬೇಗ ನೌಕೆಯನ್ನು ಸಿಹಿನೀರಿನಿಂದ ತೊಳೆಯುವುದು ರೂಢಿಯಲ್ಲಿದೆ.

ತೊಳೆಯುವಾಗ ಮೇಲಿನಿಂದ ಕೆಳಕ್ಕೆ ಬರಬೇಕು. ಮೊದಲು ನೀರು ಹಾಯಿಸಿ ಉಪ್ಪನ್ನು ಕರಗಿಸಿದ ನಂತರವೇ ಬ್ರಷ್ ಅಥವಾ ಸ್ಪಂಜನ್ನು ಬಳಸಬೇಕು. ಒಣ ಉಪ್ಪಿನ ಮೇಲೆ ಉಜ್ಜಿದರೆ ಬಣ್ಣದ ಮೇಲೆ ಗೀರು ಬೀಳುತ್ತದೆ. ಸಿಹಿನೀರಿನಲ್ಲಿಯೂ ಲವಣಾಂಶವಿರುವುದರಿಂದ, ನೀರು ತಾನಾಗಿ ಆರುವ ಮೊದಲೇ ಷಾಮಿ ಬಟ್ಟೆಯಿಂದ ಒರೆಸದಿದ್ದಲ್ಲಿ ಕಲೆಗಳು ಉಳಿಯುತ್ತವೆ. ಕಿಟಕಿ, ಗವಾಕ್ಷಿ ಮತ್ತು ಡೆಕ್ಕಿನ ಮುಚ್ಚಳಗಳು ಭದ್ರವಾಗಿ ಮುಚ್ಚಿವೆಯೇ ಎಂದು ಮೊದಲೇ ನೋಡತಕ್ಕದ್ದು. ನೀರು ಹೊರಹೋಗುವ ರಂಧ್ರಗಳಲ್ಲಿ ಎಲೆ, ದಾರ, ಕಸ ಸೇರಿದ್ದಲ್ಲಿ ತೆಗೆಯತಕ್ಕದ್ದು. ಅಲೆ ಡೆಕ್ಕಿನ ಮೇಲೆ ಬಂದಾಗ ನೀರು ಹೊರಹೋಗಬೇಕಾದ ದಾರಿ ಇವೇ ಆಗಿರುತ್ತವೆ.

2. ಸಾಗುವಾನಿ ಹಲಗೆಯ ಡೆಕ್

ಸಾಗುವಾನಿ ಮರದಲ್ಲಿ ಸ್ವಾಭಾವಿಕ ಎಣ್ಣೆಯ ಅಂಶವಿರುವುದರಿಂದ ಅದು ಸಮುದ್ರದ ವಾತಾವರಣವನ್ನು ತಾಳಿಕೊಳ್ಳುತ್ತದೆ. ಬಿಸಿಲಿಗೆ ಅದು ಬೂದು ಬಣ್ಣಕ್ಕೆ ತಿರುಗುವುದು ಸಹಜವೇ ಹೊರತು ಹಾನಿಯಲ್ಲ. ಮರವನ್ನು ಮೃದುವಾದ ಬ್ರಷ್ಷಿನಿಂದ, ನಾರಿನ ಗೆರೆಗಳಿಗೆ ಅಡ್ಡಲಾಗಿ, ಹಗುರವಾಗಿ ಉಜ್ಜಬೇಕು. ಗೆರೆಯ ಉದ್ದಕ್ಕೂ ಗಡುಸಾದ ಬ್ರಷ್ಷಿನಿಂದ ಉಜ್ಜಿದರೆ ಅಥವಾ ಅಧಿಕ ಒತ್ತಡದ ನೀರಿನ ಯಂತ್ರವನ್ನು ಬಳಸಿದರೆ ಮರದ ಮೃದು ಭಾಗ ಕಿತ್ತುಬಂದು, ಗಟ್ಟಿ ಗೆರೆಗಳು ಮಾತ್ರ ಎದ್ದು ನಿಲ್ಲುತ್ತವೆ. ಹಾಗೆ ಸವೆದ ಹಲಗೆಯನ್ನು ಮತ್ತೆ ದಪ್ಪ ಮಾಡಲಾಗದು.

ಹಲಗೆಗಳ ನಡುವಿನ ಕಪ್ಪು ರಬ್ಬರಿನಂತಹ ಭರ್ತಿಯು ನೀರು ಕೆಳಗಿಳಿಯದಂತೆ ತಡೆಯುತ್ತದೆ. ಅದು ಮರದಿಂದ ಬಿಟ್ಟುಕೊಂಡಿರುವುದು ಕಂಡಲ್ಲಿ ಕೂಡಲೇ ತಿಳಿಸಬೇಕು. ಎಣ್ಣೆ, ಸನ್‌ಸ್ಕ್ರೀನ್, ದ್ರಾಕ್ಷಾರಸ ಚೆಲ್ಲಿದಲ್ಲಿ ಆ ಕ್ಷಣವೇ ಶುಚಿಗೊಳಿಸಬೇಕು. ಬೀದಿಯಲ್ಲಿ ಧರಿಸಿದ ಪಾದರಕ್ಷೆಯೊಡನೆ ಡೆಕ್ಕಿಗೆ ಬರುವಂತಿಲ್ಲ. ಅಡಿಗೆ ಸಿಕ್ಕಿದ ಒಂದು ಸಣ್ಣ ಕಲ್ಲು ಡೆಕ್ಕಿನ ಮೇಲೆಲ್ಲ ಗೀರು ಮೂಡಿಸಬಲ್ಲದು.

3. ಲೋಹದ ಭಾಗಗಳು

ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲವೆಂಬುದು ಪೂರ್ಣ ಸತ್ಯವಲ್ಲ. ಅದರ ಮೇಲಿರುವ ಕ್ರೋಮಿಯಂ ಆಕ್ಸೈಡಿನ ತೆಳು ಪದರ ಅದನ್ನು ರಕ್ಷಿಸುತ್ತದೆ, ಮತ್ತು ಆ ಪದರ ಉಳಿಯಲು ಆಮ್ಲಜನಕ ಬೇಕು. ಟೇಪು, ಚರ್ಮದ ಹೊದಿಕೆ ಅಥವಾ ಸುತ್ತಿದ ಹಗ್ಗದ ಕೆಳಗೆ ಉಪ್ಪುನೀರು ನಿಂತಲ್ಲಿ ಹೊರಗೆ ಹೊಳೆಯುವ ಲೋಹವು ಒಳಗೆ ಕೊರೆದುಹೋಗಿರುವ ಸಂಭವವಿದೆ. ಕಬ್ಬಿಣದ ನಾರಿನಿಂದ ಇಂತಹ ಲೋಹವನ್ನು ಉಜ್ಜಬಾರದು. ಅದರ ಕಣಗಳು ಅಂಟಿ ಉಳಿದು ತುಕ್ಕು ಹಿಡಿಯುತ್ತವೆ.

ಹಾಯಿ ನೌಕೆಗಳಲ್ಲಿ ಪಟಸ್ತಂಭವನ್ನು ಹಿಡಿದು ನಿಲ್ಲಿಸುವ ಉಕ್ಕಿನ ತಂತಿಗಳನ್ನು ಒರೆಸುವಾಗ ವಿಶೇಷ ಗಮನ ನೀಡಬೇಕು. ತಂತಿಯು ಲೋಹದ ತುದಿಯೊಳಗೆ ಸೇರುವಲ್ಲಿ ಕಂದು ಬಣ್ಣದ ಗೆರೆ ಇಳಿದಿದ್ದರೆ, ಅಥವಾ ಒರೆಸುವ ಹತ್ತಿಬಟ್ಟೆ ಎಲ್ಲಿಯಾದರೂ ಸಿಕ್ಕಿಕೊಂಡರೆ, ಅಲ್ಲಿ ತಂತಿಯ ಎಳೆ ತುಂಡಾಗಿರಬಹುದು. ತುಂಡಾದ ಎಳೆ ಸೂಜಿಯಂತೆ ಹರಿತವಾಗಿರುವುದರಿಂದ ಬರಿಗೈಯಿಂದ ಸವರಿ ನೋಡಬಾರದು. ಒಂದು ಎಳೆ ತುಂಡಾದ ವಿಷಯವನ್ನು ಬಂದರಿನಲ್ಲಿರುವಾಗಲೇ ತಿಳಿಸಿದರೆ ತಂತಿಯನ್ನು ಬದಲಾಯಿಸಿದರೆ ಸಾಕು. ಅದೇ ದೋಷ ಗಾಳಿಯ ನಡುವೆ ಬಯಲಾದರೆ ಪಟಸ್ತಂಭವೇ ಉರುಳುವ ಅಪಾಯವಿದೆ.

ಹಗ್ಗ ಎಳೆಯುವ ವಿಂಚ್‌ಗಳ ಹಿಡಿಕೆಯನ್ನು ಕೆಲಸ ಮುಗಿದ ಕೂಡಲೇ ತೆಗೆದು ಅದರ ಗೂಡಿನಲ್ಲಿಡಬೇಕು. ವಿಂಚಿನ ಒಳಗಿನ ಸಣ್ಣ ಹಲ್ಲುಗಳಿಗೆ ತೆಳುವಾದ ಎಣ್ಣೆಯನ್ನೇ ಹಾಕತಕ್ಕದ್ದು. ಗ್ರೀಸ್ ಹಚ್ಚಿದರೆ ಅವು ಅಂಟಿಕೊಂಡು, ಭಾರವಿರುವಾಗ ಹಿಡಿಯದೆ ವಿಂಚ್ ಹಿಮ್ಮುಖವಾಗಿ ತಿರುಗಬಹುದು.

4. ಹಗ್ಗಗಳು

ಎಲ್ಲ ಹಗ್ಗಗಳೂ ಒಂದೇ ಗುಣದವಲ್ಲ. ನೈಲಾನ್ ಹಿಗ್ಗುವ ಗುಣ ಹೊಂದಿರುವುದರಿಂದ ನೌಕೆಯನ್ನು ಕಟ್ಟಲು ಹಾಗೂ ಲಂಗರಿಗೆ ಸೂಕ್ತ. ಒದ್ದೆಯಾದಾಗ ಅದರ ಬಲ ಸ್ವಲ್ಪ ಕುಗ್ಗುತ್ತದೆ. ಪಾಲಿಯೆಸ್ಟರ್ ಕಡಿಮೆ ಹಿಗ್ಗುವುದರಿಂದ ಹಾಯಿ ಏರಿಸುವ ಹಗ್ಗಗಳಿಗೆ ಬಳಕೆಯಾಗುತ್ತದೆ. ಪಾಲಿಪ್ರೊಪಿಲೀನ್ ನೀರಿನಲ್ಲಿ ತೇಲುತ್ತದೆ, ಆದರೆ ಬಿಸಿಲಿಗೆ ಬೇಗ ಶಿಥಿಲವಾಗುತ್ತದೆ. ಹಗ್ಗಗಳ ಬಗ್ಗೆ ಈ ಕೆಳಕಂಡ ಅಂಶಗಳನ್ನು ಪಾಲಿಸತಕ್ಕದ್ದು:

ಅ) ಹಗ್ಗವನ್ನು ಸಿಹಿನೀರಿನಲ್ಲಿ, ಅಗತ್ಯವಿದ್ದಲ್ಲಿ ಸೌಮ್ಯವಾದ ಸಾಬೂನಿನಿಂದ ತೊಳೆದು ನೆರಳಿನಲ್ಲಿ ಒಣಗಿಸುವುದು. ಬ್ಲೀಚಿಂಗ್ ದ್ರಾವಣ ಬಳಸಕೂಡದು.

ಆ) ಬಲಕ್ಕೆ ಹೊಸೆದ ಮೂರೆಳೆಯ ಹಗ್ಗವನ್ನು ಗಡಿಯಾರದ ಮುಳ್ಳು ಚಲಿಸುವ ದಿಕ್ಕಿನಲ್ಲಿ ಸುತ್ತುವುದು. ಹೆಣೆದ ಹಗ್ಗವನ್ನು 8ರ ಆಕಾರದಲ್ಲಿ ಮಡಿಸಿದರೆ ಬಿಡಿಸುವಾಗ ಮುರಿಗೆ ಬೀಳುವುದಿಲ್ಲ.

ಇ) ಸುತ್ತುವಾಗ ಇಡೀ ಹಗ್ಗವನ್ನು ಕೈಯಲ್ಲಿ ಹಾಯಿಸಿ ಪರೀಕ್ಷಿಸುವುದು. ಮೇಲ್ಪದರ ಹರಿದಿರುವುದು, ಉಜ್ಜಿ ಕರಗಿ ಗಾಜಿನಂತೆ ನಯವಾಗಿರುವುದು, ಒಳಗೆ ಗಂಟಿನಂತೆ ಉಬ್ಬಿರುವುದು ದೋಷದ ಲಕ್ಷಣಗಳು.

ಈ) ಹಗ್ಗದ ತುದಿ ನೀರಿಗೆ ಇಳಿಬೀಳದಂತೆ ನೋಡಿಕೊಳ್ಳುವುದು. ಅದು ಎಂಜಿನ್ನಿನ ಪಂಖಕ್ಕೆ ಸುತ್ತಿಕೊಂಡರೆ ನೌಕೆ ನಿಯಂತ್ರಣ ತಪ್ಪುತ್ತದೆ.

ಉ) ಡೆಕ್ಕಿನ ಮೇಲೆ ಹರಡಿದ ಹಗ್ಗದ ಸುರುಳಿಯೊಳಗೆ ಎಂದಿಗೂ ಕಾಲಿಡಬಾರದು, ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು.

ಕೊನೆಯ ಅಂಶಕ್ಕೆ ಹೆಚ್ಚಿನ ಒತ್ತು ನೀಡಬೇಕಾಗಿದೆ. ನೌಕೆ ಚಲಿಸಿದಾಗ ಸಡಿಲವಾಗಿದ್ದ ಸುರುಳಿ ಕ್ಷಣಾರ್ಧದಲ್ಲಿ ಬಿಗಿಯಾಗುತ್ತದೆ. ಒಳಗಿದ್ದ ಪಾದವನ್ನು ಹಿಂತೆಗೆಯಲು ಸಮಯವಿರುವುದಿಲ್ಲ. ಬಿಗಿದು ಹಿಗ್ಗಿದ ನೈಲಾನ್ ಹಗ್ಗ ತುಂಡಾದರೆ ಅದರ ತುದಿ ಚಾಟಿಯಂತೆ ಹಿಂದಕ್ಕೆ ಬಡಿಯುತ್ತದೆ. ಆದುದರಿಂದ ಬಿಗಿಯಾದ ಹಗ್ಗದ ನೇರಕ್ಕೆ ಯಾರೂ ನಿಲ್ಲತಕ್ಕದ್ದಲ್ಲ. ನೌಕೆ ದಕ್ಕೆಗೆ ತಾಗುವುದನ್ನು ಕೈಯಿಂದಾಗಲಿ ಕಾಲಿನಿಂದಾಗಲಿ ತಡೆಯಲು ಯತ್ನಿಸಬಾರದು; ಅದಕ್ಕಾಗಿಯೇ ಫೆಂಡರ್‌ಗಳಿವೆ. ಬಂದರನ್ನು ಬಿಟ್ಟ ಕೂಡಲೇ ಫೆಂಡರ್‌ಗಳನ್ನು ಒಳಗೆಳೆದು, ತೊಳೆದು, ಭದ್ರವಾಗಿ ಕಟ್ಟಿಡಬೇಕು.

5. ಜೀವರಕ್ಷಕ ಸಲಕರಣೆಗಳು

ಇವು ಅಪರೂಪಕ್ಕೆ ಬಳಕೆಯಾಗುವುದರಿಂದ ಅಲಕ್ಷ್ಯಕ್ಕೆ ಗುರಿಯಾಗುವ ಸಂಭವ ಹೆಚ್ಚು. ಅನಿಲದಿಂದ ಉಬ್ಬುವ ಲೈಫ್ ಜಾಕೆಟ್‌ನಲ್ಲಿ ಅನಿಲದ ಸಿಲಿಂಡರ್ ಬಿಗಿಯಾಗಿದೆಯೇ, ತುಕ್ಕು ಹಿಡಿದಿದೆಯೇ, ತಾನಾಗಿ ಉಬ್ಬಿಸುವ ಸಾಧನದ ಅವಧಿ ಮುಗಿದಿದೆಯೇ, ಶಿಳ್ಳೆ ಮತ್ತು ದೀಪ ಇವೆಯೇ ಎಂಬುದನ್ನು ನೋಡಬೇಕು. ಬಾಯಿಯಿಂದ ಗಾಳಿ ತುಂಬಿಸಿ ಒಂದು ರಾತ್ರಿ ಬಿಟ್ಟರೆ ಸೋರಿಕೆ ಇದ್ದಲ್ಲಿ ಗೊತ್ತಾಗುತ್ತದೆ. ಜಾಕೆಟ್ಟನ್ನು ಕುಳಿತುಕೊಳ್ಳುವ ದಿಂಬಿನಂತೆ ಬಳಸಬಾರದು.

ಲೈಫ್ ರಾಫ್ಟನ್ನು ಹಿಡಿದಿರುವ, ನೀರಿನ ಒತ್ತಡಕ್ಕೆ ತಾನಾಗಿ ಬಿಡುಗಡೆಯಾಗುವ ಸಾಧನಗಳ ಪೈಕಿ ಹೆಚ್ಚು ಬಳಕೆಯಲ್ಲಿರುವ ಮಾದರಿಯನ್ನು 2 ವರ್ಷಗಳಿಗೊಮ್ಮೆ ಬದಲಾಯಿಸಬೇಕಾಗುತ್ತದೆ. ರಾಫ್ಟ್ ಅಲುಗಾಡದಿರಲೆಂದು ಸದುದ್ದೇಶದಿಂದಲೇ ಆದರೂ ಹೆಚ್ಚುವರಿ ಹಗ್ಗ ಕಟ್ಟಿದರೆ, ನೌಕೆ ಮುಳುಗುವಾಗ ರಾಫ್ಟ್ ಕೂಡ ಅದರೊಡನೆ ಮುಳುಗುತ್ತದೆ. ಈ ಸಾಧನಗಳಿಗೆ ಬಣ್ಣ ಬಳಿಯುವುದೂ ನಿಷಿದ್ಧ. ಲೈಫ್‌ಬಾಯ್, ಅಗ್ನಿಶಾಮಕ ಸಿಲಿಂಡರ್ ಹಾಗೂ ತುರ್ತು ನಿರ್ಗಮನದ ಮುಂದೆ ಬಕೆಟ್ಟನ್ನಾಗಲಿ ಚೀಲವನ್ನಾಗಲಿ ಕ್ಷಣಕಾಲವೂ ಇಡತಕ್ಕದ್ದಲ್ಲ.

ಇಪಿರ್ಬ್ ಎಂಬ ಅಪಾಯ ಸೂಚಕ ಯಂತ್ರವು 406 ಮೆಗಾಹರ್ಟ್ಸ್ ಆವರ್ತನದಲ್ಲಿ ಉಪಗ್ರಹಗಳಿಗೆ ಸಂದೇಶ ಕಳುಹಿಸುತ್ತದೆ. ಈ ವ್ಯವಸ್ಥೆಯ ಭಾರತೀಯ ನಿಯಂತ್ರಣ ಕೇಂದ್ರವು ಬೆಂಗಳೂರಿನಲ್ಲಿದ್ದು, ಅಲ್ಲಿಂದ ಮಾಹಿತಿಯು ಶೋಧ ಮತ್ತು ರಕ್ಷಣಾ ಕೇಂದ್ರಗಳಿಗೆ ರವಾನೆಯಾಗುತ್ತದೆ. ಡೆಕ್ ತೊಳೆಯುವಾಗ ಯಂತ್ರ ಕೈತಪ್ಪಿ ಚಾಲನೆಗೊಂಡಲ್ಲಿ ಸುಮ್ಮನೆ ಆರಿಸಿ ಮರೆಮಾಚಬಾರದು. ಕೂಡಲೇ ಕಪ್ತಾನರಿಗೆ ತಿಳಿಸಿದರೆ ಅವರು ರಕ್ಷಣಾ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತಾರೆ. ಭಾರತದ ಕರಾವಳಿಯಲ್ಲಿ ಸಮುದ್ರ ಅಪಾಯದ ಕರೆಗಳಿಗೆ ಭಾರತೀಯ ಕೋಸ್ಟ್ ಗಾರ್ಡ್‌ನ ಶುಲ್ಕರಹಿತ ದೂರವಾಣಿ ಸಂಖ್ಯೆ 1554.

6. ಕೈ ಉಪಕರಣಗಳು, ಎಣ್ಣೆಬಟ್ಟೆ ಮತ್ತು ಕಸ

ಪ್ರತಿ ಉಪಕರಣಕ್ಕೂ ಒಂದು ಸ್ಥಳ, ಪ್ರತಿ ಉಪಕರಣವೂ ಅದರ ಸ್ಥಳದಲ್ಲಿ ಎಂಬುದು ನಿಯಮ. ಕತ್ತಲೆಯಲ್ಲಿ, ನೌಕೆ ಓಲಾಡುತ್ತಿರುವಾಗ, ಬೇರೊಬ್ಬರು ಬಂದು ಕೈಯಿಟ್ಟರೂ ಚಾಕು ಅಥವಾ ಟಾರ್ಚ್ ಅಲ್ಲಿಯೇ ಸಿಗಬೇಕು. ಎತ್ತರದಲ್ಲಿ ಕೆಲಸ ಮಾಡುವಾಗ ಉಪಕರಣಗಳನ್ನು ದಾರದಿಂದ ಕಟ್ಟಿಕೊಂಡಿರತಕ್ಕದ್ದು.

ಅಗಸೆ ಎಣ್ಣೆ, ಸಾಗುವಾನಿಗೆ ಹಚ್ಚುವ ಎಣ್ಣೆ ಮುಂತಾದವುಗಳಲ್ಲಿ ನೆನೆದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯುವುದು ಅಪಾಯಕರ. ಇಂತಹ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಶಾಖ ಹೊರಹೋಗದೆ, ಯಾವುದೇ ಕಿಡಿಯಿಲ್ಲದೆ ಬೆಂಕಿ ಹೊತ್ತಿಕೊಳ್ಳಬಹುದು. ಬಟ್ಟೆಗಳನ್ನು ನೀರಿನಲ್ಲಿ ನೆನೆಸಿ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹಾಕಿ ದಡಕ್ಕೆ ಸಾಗಿಸಬೇಕು. ಯಾವುದೇ ಎರಡು ಶುಚಿಕಾರಕಗಳನ್ನು ಬೆರೆಸಬಾರದು. ಬ್ಲೀಚಿಂಗ್ ದ್ರಾವಣ ಮತ್ತು ಆಮ್ಲ ಸೇರಿದರೆ ವಿಷಾನಿಲ ಉಂಟಾಗುತ್ತದೆ.

ಮಾರ್ಪೋಲ್ ಅಂತರರಾಷ್ಟ್ರೀಯ ಒಪ್ಪಂದದ 5ನೇ ಅನುಬಂಧದ ಪ್ರಕಾರ ಪ್ಲಾಸ್ಟಿಕ್ಕನ್ನು ಸಮುದ್ರದ ಯಾವುದೇ ಭಾಗದಲ್ಲಿಯೂ ಎಸೆಯುವಂತಿಲ್ಲ. ಕೃತಕ ನೂಲಿನ ಹಗ್ಗದ ತುಣುಕು ಸಹ ಪ್ಲಾಸ್ಟಿಕ್ ಎಂದೇ ಪರಿಗಣಿಸಲ್ಪಡುತ್ತದೆ. ಡೆಕ್ ತೊಳೆದ ನೀರು ಸಮುದ್ರ ಸೇರುವುದರಿಂದ, ಸಾಗರ ಪರಿಸರಕ್ಕೆ ಹಾನಿಕರವಲ್ಲದ ಶುಚಿಕಾರಕಗಳನ್ನು ಮಾತ್ರ ಬಳಸತಕ್ಕದ್ದು.

7. ಸ್ವಂತ ಅಚ್ಚುಕಟ್ಟು ಮತ್ತು ವಿಶ್ರಾಂತಿ

ಸಿಬ್ಬಂದಿಯ ಕೋಣೆ ಚಿಕ್ಕದಾಗಿದ್ದು, ಸಾಮಾನ್ಯವಾಗಿ ಇಬ್ಬರು ಹಂಚಿಕೊಳ್ಳುತ್ತಾರೆ. ಹಾಸಿಗೆ ಮಡಿಸುವುದು, ಒದ್ದೆ ಬಟ್ಟೆ ನೆಲದ ಮೇಲೆ ಬಿಡದಿರುವುದು, ಬಾಗಿಲ ದಾರಿ ತೆರವಾಗಿಡುವುದು ಜೊತೆಗಾರರ ನಿದ್ರೆಗೂ ಸುರಕ್ಷತೆಗೂ ಸಂಬಂಧಿಸಿದ ವಿಷಯ. ಬಳೆ, ಉಂಗುರ, ಸಡಿಲ ಉಡುಪು ಧರಿಸಿ ವಿಂಚ್ ಬಳಿ ಕೆಲಸ ಮಾಡಬಾರದು. ಉದ್ದನೆಯ ಕೂದಲನ್ನು ಕಟ್ಟಿಕೊಳ್ಳಬೇಕು.

ವಾಣಿಜ್ಯ ಬಳಕೆಯ ನೌಕೆಗಳಿಗೆ ಅನ್ವಯಿಸುವ 2006ರ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದದಂತೆ ವಿಶ್ರಾಂತಿಯ ಅವಧಿಯು ಯಾವುದೇ 24 ಗಂಟೆಗಳಲ್ಲಿ 10 ಗಂಟೆಗೂ, 7 ದಿನಗಳಲ್ಲಿ 77 ಗಂಟೆಗೂ ಕಡಿಮೆಯಿರಕೂಡದು. ದಣಿದ ಕೈ ಗಂಟನ್ನು ತಪ್ಪಾಗಿ ಹಾಕುತ್ತದೆ. ವಿಶ್ರಾಂತಿಯೂ ಸಲಕರಣೆಯ ಆರೈಕೆಯ ಒಂದು ಭಾಗವೇ ಆಗಿದೆ.

8. ದೋಷ ಕಂಡಲ್ಲಿ, ತಪ್ಪು ನಡೆದಲ್ಲಿ

ಹೊಸಬರು ತಪ್ಪು ಮಾಡುವುದು ಸಹಜ. ಹಗ್ಗ ಕೊಯ್ದುಹೋಗಬಹುದು, ಉಪಕರಣ ನೀರಿಗೆ ಬೀಳಬಹುದು, ಮುಚ್ಚಳ ಬಿಗಿಯಲು ಮರೆಯಬಹುದು. ಬೈಗುಳಕ್ಕೆ ಹೆದರಿ ಕೊಯ್ದ ಭಾಗ ಕಾಣದಂತೆ ಹಗ್ಗವನ್ನು ಸುತ್ತಿಟ್ಟರೆ, ಮುಂದೆ ಆ ಹಗ್ಗವನ್ನು ನಂಬಿ ಎತ್ತರಕ್ಕೆ ಏರುವವರು ತಮ್ಮ ಜೊತೆಗಾರರೇ ಆಗಿರುತ್ತಾರೆ. ಆದ್ದರಿಂದ ದೋಷವನ್ನು ಅದೇ ದಿನ ಬೋಸನ್ ಅಥವಾ ಮೇಲಧಿಕಾರಿಗೆ ತಿಳಿಸಿ, ದಿನಚರಿ ಪುಸ್ತಕದಲ್ಲಿ ಬರೆಯಿಸಬೇಕು. ಅಚ್ಚುಕಟ್ಟಾಗಿ ಕಾಣುವ ಡೆಕ್ ಮತ್ತು ನಿಜವಾಗಿ ಸುರಕ್ಷಿತವಾದ ಡೆಕ್ ಇವೆರಡರ ನಡುವಿನ ವ್ಯತ್ಯಾಸ ಈ ಒಂದು ಅಭ್ಯಾಸದಲ್ಲಿದೆ.

ಅರ್ಜಿದಾರರ ಗಮನಕ್ಕೆ

1. ಎಸ್.ಟಿ.ಸಿ.ಡಬ್ಲ್ಯು. ಒಪ್ಪಂದದಡಿಯ ಮೂಲ ಸುರಕ್ಷತಾ ತರಬೇತಿಯು ಸಮುದ್ರದಲ್ಲಿ ಬದುಕುಳಿಯುವ ಕ್ರಮ, ಅಗ್ನಿಶಮನ, ಪ್ರಥಮ ಚಿಕಿತ್ಸೆ ಹಾಗೂ ವೈಯಕ್ತಿಕ ಸುರಕ್ಷತೆ ಮತ್ತು ಸಾಮಾಜಿಕ ಹೊಣೆಗಾರಿಕೆ ಎಂಬ ನಾಲ್ಕು ಭಾಗಗಳನ್ನು ಒಳಗೊಂಡಿದೆ. ಮಾನ್ಯತೆ ಪಡೆದ ಸಂಸ್ಥೆಯಲ್ಲಿಯೇ ತರಬೇತಿ ಪಡೆಯಬೇಕು.

2. ಪಾಸ್‌ಪೋರ್ಟ್, ವೈದ್ಯಕೀಯ ಪ್ರಮಾಣಪತ್ರ, ಇಂಡೋಸ್ ಸಂಖ್ಯೆ ಮತ್ತು ಸಿ.ಡಿ.ಸಿ. ಎಂಬ ನಾವಿಕ ಪುಸ್ತಕದಲ್ಲಿ ಹೆಸರು ಹಾಗೂ ಜನ್ಮ ದಿನಾಂಕ ಒಂದೇ ರೀತಿಯಲ್ಲಿವೆಯೇ ಎಂದು ಪರಿಶೀಲಿಸಿಕೊಳ್ಳತಕ್ಕದ್ದು.

3. ಉದ್ಯೋಗ ಕೊಡಿಸುವ ಏಜೆಂಟರು ಕೇಂದ್ರ ಸರ್ಕಾರದ ನೌಕಾಯಾನ ಆಡಳಿತದಿಂದ ಪರವಾನಗಿ ಹೊಂದಿರುವರೇ ಎಂದು ಖಚಿತಪಡಿಸಿಕೊಳ್ಳಬೇಕು. ಉದ್ಯೋಗ ಕೊಡಿಸಿದ್ದಕ್ಕಾಗಿ ನಾವಿಕರಿಂದ ಶುಲ್ಕ ಪಡೆಯಲು 2006ರ ಒಪ್ಪಂದದಲ್ಲಿ ಅವಕಾಶವಿಲ್ಲ.

4. ಮೇಲ್ಕಂಡ ಮಾಹಿತಿಯು ಸಾಮಾನ್ಯ ಸ್ವರೂಪದ್ದಾಗಿದ್ದು, ಆಯಾ ನೌಕೆಯ ಕಪ್ತಾನರ ಆದೇಶ ಹಾಗೂ ಸಲಕರಣೆಯ ತಯಾರಕರ ಸೂಚನೆಗಳನ್ನು ತಪ್ಪದೆ ಪಾಲಿಸಲು ಕೋರಲಾಗಿದೆ.