ಟೆಸ್ಟ್ ಪಾಸ್ ಆದ ಮಾತ್ರಕ್ಕೆ ಪ್ರೋಗ್ರಾಂ ಸರಿ ಇದೆಯೇ?

‘ಎಲ್ಲ ಟೆಸ್ಟ್ ಪಾಸ್ ಆಗಿವೆ, ಇನ್ನು ತಪ್ಪಿರಲು ಸಾಧ್ಯವೇ ಇಲ್ಲ’ – ಆ್ಯಪ್ ಮಾಡುವವರ ಬಾಯಲ್ಲಿ ಈ ಮಾತು ಕೇಳಿರುತ್ತೀರಿ. ಇದು ನಿಜವೇ? ನಾವೂ ನಂಬಿ ಮೋಸಹೋದೆವು.

ನಮಗೆ ಬರುವ ಫಾರ್ವರ್ಡ್‌ಗಳನ್ನು ವಿಷಯವಾರು ವಿಂಗಡಿಸಲು ಪೈಥಾನ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಂಡಿದ್ದೆವು. ಲಸಿಕೆ ಪಟ್ಟಿ ದಿನೇ ದಿನೇ ಉದ್ದವಾಗುತ್ತಿತ್ತು. ಲಸಿಕೆ ಬಗ್ಗೆ ಇಷ್ಟೊಂದು ಸುಳ್ಳು ಹರಿದಾಡುತ್ತಿದೆ ಎಂದು ಬರೆಯಲು ಕೂತಾಗ ನೋಡಿದರೆ, ಅದರೊಳಗೆ ಗ್ರಹಣದ ಮೆಸೇಜ್‌ಗಳೂ ಇದ್ದವು! ಸುಳ್ಳು ಪತ್ತೆ ಮಾಡುವ ನಾವೇ ತಪ್ಪು ಲೆಕ್ಕ ಹಂಚುವುದರಲ್ಲಿದ್ದೆವು.

ಆಗಿದ್ದೇನು? ಪೈಥಾನ್‌ನಲ್ಲಿ ‘ಕ್ಲಾಸ್’ ಎಂದರೆ ಅಚ್ಚು, ಅದರಿಂದ ತೆಗೆದದ್ದು ‘ಆಬ್ಜೆಕ್ಟ್’. ಪ್ರೋಗ್ರಾಂ ಓಡುತ್ತಿರುವಾಗಲೇ ‘ಟೈಪ್’ ಬಳಸಿ ತಾಯಿ ಕ್ಲಾಸ್‌ನಿಂದ ಮರಿ ಕ್ಲಾಸ್‌ಗಳನ್ನು ಹುಟ್ಟಿಸಬಹುದು. ನಾವು ಪ್ರತಿ ವಿಷಯಕ್ಕೂ ಒಂದೊಂದು ಮರಿ ಮಾಡಿದ್ದೆವು, ಆದರೆ ಖಾಲಿ ಪಟ್ಟಿಯನ್ನು ಇಟ್ಟದ್ದು ತಾಯಿಯಲ್ಲಿ. ಪೈಥಾನ್ ಒಂದು ಹೆಸರನ್ನು ಮೊದಲು ಆಬ್ಜೆಕ್ಟ್‌ನಲ್ಲಿ, ಆಮೇಲೆ ಅದರ ಕ್ಲಾಸ್‌ನಲ್ಲಿ, ಅಲ್ಲೂ ಇಲ್ಲದಿದ್ದರೆ ತಾಯಿಯಲ್ಲಿ ಹುಡುಕುತ್ತದೆ. ಹಾಗಾಗಿ ‘ಅಪೆಂಡ್’ ಮಾಡಿದ ಪ್ರತಿ ಮೆಸೇಜೂ ತಾಯಿಯ ಒಂದೇ ಪಟ್ಟಿಗೆ ಸೇರುತ್ತಿತ್ತು. ಅಣ್ಣತಮ್ಮಂದಿರು ಬೇರೆ ಮನೆ ಮಾಡಿದರೂ ಅಕ್ಕಿ ಡಬ್ಬಿ ಒಂದೇ ಉಳಿದ ಹಾಗೆ.

ಟೆಸ್ಟ್ ಇದನ್ನು ಯಾಕೆ ಹಿಡಿಯಲಿಲ್ಲ? ಯೂನಿಟ್ ಟೆಸ್ಟ್ ಎಂದರೆ ಪ್ರೋಗ್ರಾಂನ ಒಂದು ಚಿಕ್ಕ ಭಾಗವನ್ನು ಪರೀಕ್ಷಿಸುವ ಇನ್ನೊಂದು ಪುಟ್ಟ ಪ್ರೋಗ್ರಾಂ. 2001ರಲ್ಲಿ ಬಂದ ಪೈಥಾನ್ 2.1ರಿಂದಲೂ ‘ಯೂನಿಟ್‌ಟೆಸ್ಟ್’ ಅದರ ಜೊತೆಗೇ ಸಿಗುತ್ತದೆ. ನಮ್ಮ ಟೆಸ್ಟ್ ಒಂದೇ ಕ್ಲಾಸ್ ಮಾಡಿ, ಒಂದು ಮೆಸೇಜ್ ಹಾಕಿ, ಅದು ಇದೆಯೇ ಎಂದು ಕೇಳುತ್ತಿತ್ತು. ಇತ್ತು, ಪಾಸ್! ಎರಡು ಕ್ಲಾಸ್ ಮಾಡಿ, ಒಂದಕ್ಕೆ ಹಾಕಿ, ಇನ್ನೊಂದು ಖಾಲಿಯಾಗಿಯೇ ಉಳಿದಿದೆಯೇ ಎಂದು ಕೇಳಬೇಕಿತ್ತು.

‘ಹ್ಯಾಸ್‌ಆಟರ್’ನಿಂದ ಕೇಳಿದರೂ ಸಾಲದು. ಪಟ್ಟಿ ತಾಯಿಯದ್ದಾಗಿದ್ದರೂ ಅದು ‘ಇದೆ’ ಎನ್ನುತ್ತದೆ. ಆಬ್ಜೆಕ್ಟ್‌ನ ಸ್ವಂತದ್ದು ಏನಿದೆ ಎಂದು ತೋರಿಸುವುದು ‘ವಾರ್ಸ್’.

ಇನ್ನೊಂದು ತಮಾಷೆ. ಯೂನಿಟ್‌ಟೆಸ್ಟ್ ಟೆಸ್ಟ್‌ಗಳನ್ನು ಹೆಸರಿನ ಅಕ್ಷರ ಕ್ರಮದಲ್ಲಿ ಓಡಿಸುತ್ತದೆ. ಹಿಂದಿನ ಟೆಸ್ಟ್ ತಾಯಿ ಪಟ್ಟಿಯಲ್ಲಿ ಬಿಟ್ಟುಹೋದದ್ದು ಮುಂದಿನದಕ್ಕೂ ಕಾಣುತ್ತದೆ. ಬರೀ ಹೆಸರು ಬದಲಿಸಿದರೆ ಪಾಸ್ ಆಗುತ್ತಿದ್ದದ್ದು ಫೇಲ್ ಆಗಬಹುದು.

ಪರಿಹಾರ ಒಂದೇ ಸಾಲಿನದು: ಪಟ್ಟಿಯನ್ನು ‘ಇನಿಟ್’ ಒಳಗೆ ಮಾಡಿದರೆ ಪ್ರತಿ ಆಬ್ಜೆಕ್ಟ್‌ಗೂ ಸ್ವಂತದ್ದು ಸಿಗುತ್ತದೆ. ಮರಿ ಕ್ಲಾಸ್‌ಗೊಂದು ಬೇಕಿದ್ದರೆ 2016ರ ಪೈಥಾನ್ 3.6ರಲ್ಲಿ ಬಂದ ‘ಇನಿಟ್ ಸಬ್‌ಕ್ಲಾಸ್’ ಇದೆ. ‘ಟೈಪ್’ನಿಂದ ಹುಟ್ಟಿದ ಮರಿಗಳಿಗೂ ಅದು ಕೆಲಸ ಮಾಡುತ್ತದೆ.

ಸರಿಮಾಡಿ ಮತ್ತೆ ಎಣಿಸಿದೆವು. ಲಸಿಕೆಯ ಲೇಖನವನ್ನು ಅಲ್ಲಿಗೇ ಕೈಬಿಟ್ಟೆವು.